ಸೇರಿಸಿದ ಮೇಲೆ ಎಷ್ಟು ದಿನ?

“ಆಶ್ರಮಕ್ಕೆ ಸೇರಿಸಿದರು, ಆರು ತಿಂಗಳೂ ಉಳೀಲಿಲ್ಲ.” ತಿಥಿಯೂಟದ ಪಂಕ್ತಿಯಲ್ಲಿ ಯಾರಾದರೊಬ್ಬರು ಈ ಮಾತನ್ನು, ಮಕ್ಕಳ ಕಿವಿಗೆ ಬೀಳುವಷ್ಟೇ ದನಿಯಲ್ಲಿ, ಆಡಿಯೇ ಆಡುತ್ತಾರೆ. ಆಡುವವರಿಗೆ ಅದು ಸಂಶಯವಲ್ಲ, ತೀರ್ಪು. ಮನೆಯಲ್ಲೇ ಇಟ್ಟುಕೊಂಡಿದ್ದರೆ ಇನ್ನೂ ನಾಲ್ಕು ವರ್ಷ ಇರುತ್ತಿದ್ದರು ಎಂಬುದು ಅದರ ಒಳಗಿನ ಮಾತು. ಕೇಳಿಸಿಕೊಂಡ ಮಗನೋ ಸೊಸೆಯೋ ಉತ್ತರ ಕೊಡುವುದಿಲ್ಲ. ಸಂಕೋಚ ಅದಕ್ಕೊಂದು ಕಾರಣ; ಉತ್ತರ ನಿಜಕ್ಕೂ ಸುಲಭವಲ್ಲ ಎಂಬುದು ಇನ್ನೊಂದು. ಮನೆ ಬಿಟ್ಟು ಆರೈಕೆಯ ಜಾಗ ಸೇರಿದ ವೃದ್ಧರ ಆಯುಷ್ಯಕ್ಕೆ ಏನಾಗುತ್ತದೆ ಎಂಬುದನ್ನು ಅಮೆರಿಕ, ಬ್ರಿಟನ್, ಡೆನ್ಮಾರ್ಕ್, ಜಪಾನ್‌ಗಳ ಸಂಶೋಧಕರು 60 ವರ್ಷಗಳಿಂದ ಕೆದಕುತ್ತಿದ್ದಾರೆ. ಅವರಿಗೆ ಸಿಕ್ಕಿರುವುದು ಪಂಕ್ತಿಯ ತೀರ್ಪಿನಷ್ಟು ಸರಳವಾಗಿಲ್ಲ, ಆರೈಕೆ ಉದ್ಯಮದವರು ಕೊಡುವ ಸಮಾಧಾನದಷ್ಟು ಮೃದುವಾಗಿಯೂ ಇಲ್ಲ.

ನಮ್ಮೂರುಗಳಲ್ಲಿ ನರ್ಸಿಂಗ್ ಹೋಮ್ ಎಂದರೆ ಹೆರಿಗೆ, ಅಪೆಂಡಿಕ್ಸ್ ಆಪರೇಷನ್ ಮಾಡುವ ಸಣ್ಣ ಖಾಸಗಿ ಆಸ್ಪತ್ರೆ. ಇಲ್ಲಿ ಹೇಳಹೊರಟಿರುವುದು ಅದನ್ನಲ್ಲ. ಸ್ನಾನಕ್ಕೆ, ಊಟಕ್ಕೆ, ಶೌಚಕ್ಕೆ ಇನ್ನೊಬ್ಬರ ಕೈ ಬೇಕಾದ ವೃದ್ಧರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರುವ ಜಾಗ. ಅದನ್ನು ಆರೈಕೆಗೃಹ ಎನ್ನುತ್ತೇನೆ.

ಮೊದಲು ಬರೀ ಅಂಕಿಗಳು. ಇಂಗ್ಲೆಂಡ್ ಮತ್ತು ವೇಲ್ಸ್‌ನ 293 ವೈದ್ಯರ ಕ್ಲಿನಿಕ್‌ಗಳ ದಾಖಲೆ ಆಧರಿಸಿ 2009ರಲ್ಲಿ 65 ದಾಟಿದವರನ್ನು ಒಂದು ವರ್ಷ ಹಿಂಬಾಲಿಸಿದ ಅಧ್ಯಯನವೊಂದಿದೆ. ಆರೈಕೆಗೃಹಗಳಲ್ಲಿದ್ದ 9,772 ಮಂದಿಯಲ್ಲಿ ಶೇ. 26.2ರಷ್ಟು ಜನ ವರ್ಷದೊಳಗೆ ತೀರಿಕೊಂಡರು. ತಮ್ಮ ಮನೆಗಳಲ್ಲೇ ಇದ್ದ ಮೂರೂವರೆ ಲಕ್ಷ ವೃದ್ಧರಲ್ಲಿ ತೀರಿಕೊಂಡವರು ಶೇ. 3.3. ಒಂದೆಡೆ ನಾಲ್ವರಲ್ಲಿ ಒಬ್ಬರು, ಇನ್ನೊಂದೆಡೆ ಮೂವತ್ತರಲ್ಲಿ ಒಬ್ಬರು. ನಾರ್ವೆಯಲ್ಲಿ ಹೊಸದಾಗಿ ಸೇರಿದವರನ್ನು ಮೂರು ವರ್ಷ ನೋಡಿದ ಅಧ್ಯಯನದಲ್ಲಿ ಅರ್ಧದಷ್ಟು ಜನ ಸುಮಾರು ಎರಡು ವರ್ಷ ಎರಡು ತಿಂಗಳಲ್ಲಿ ಇಲ್ಲವಾಗಿದ್ದರು. ಅಮೆರಿಕದಲ್ಲಿ ಆರೈಕೆಗೃಹದಲ್ಲೇ ಪ್ರಾಣಬಿಟ್ಟ 1,817 ಮಂದಿಯ ಲೆಕ್ಕ 2010ರಲ್ಲಿ ಪ್ರಕಟವಾಯಿತು. ಸೇರಿದ ದಿನದಿಂದ ಸಾವಿನವರೆಗಿನ ಮಧ್ಯಾಂಕ ಅವಧಿ ಬರೀ ಐದು ತಿಂಗಳು. ಗಂಡಸರಿಗೆ ಮೂರು, ಹೆಂಗಸರಿಗೆ ಎಂಟು. ಅರ್ಧಕ್ಕಿಂತ ಹೆಚ್ಚು ಜನ ಆರು ತಿಂಗಳೊಳಗೇ ಹೋಗಿದ್ದರು. ಪಂಕ್ತಿಯಲ್ಲಿ ಕೂತವರ ಲೆಕ್ಕ ತಪ್ಪಿರಲಿಲ್ಲ.

ಲೆಕ್ಕ ಸರಿ, ಅದರಿಂದ ಹೊರಡುವ ತೀರ್ಪು ಸರಿಯೇ ಎಂಬುದು ಬೇರೆ ಮಾತು. ಗಟ್ಟಿಮುಟ್ಟಾಗಿರುವಾಗ ಯಾರೂ ಆರೈಕೆಗೃಹದ ಬಾಗಿಲು ತಟ್ಟುವುದಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ, ಎರಡನೇ ಸಲ ಲಕ್ವಾ ಹೊಡೆದ ಮೇಲೆ, ಗ್ಯಾಸ್ ಹಚ್ಚಿದ್ದನ್ನು ಮರೆತು ರಸ್ತೆಗೆ ಹೊರಟುಹೋದ ಮೇಲೆ ಹೋಗುತ್ತಾರೆ. ನೋಡಿಕೊಳ್ಳುತ್ತಿದ್ದ ಹೆಂಡತಿ ತಾನೇ ಮೊದಲು ಹೋದ ಮೇಲೆ ಹೋಗುವವರೂ ಬಹಳ. ಈ ಒಂದೊಂದೂ, ಆರೈಕೆಗೃಹ ಎಂಬುದು ಇಲ್ಲದಿದ್ದರೂ, ಆಯುಷ್ಯವನ್ನು ಮೊಟಕು ಮಾಡುವಂಥದ್ದೇ. ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ ಅಮೆರಿಕದ 60,000 ಆರೈಕೆಗೃಹ ನಿವಾಸಿಗಳಲ್ಲಿ ಆರು ತಿಂಗಳೊಳಗೆ ತೀರಿಕೊಂಡವರು ಶೇ. 36. ಬಾಸ್ಟನ್ ಸುತ್ತಲಿನ 22 ಆರೈಕೆಗೃಹಗಳಲ್ಲಿ ಡಿಮೆನ್ಶಿಯಾದ ಕೊನೆಯ ಹಂತದಲ್ಲಿದ್ದ 323 ಮಂದಿಯನ್ನು ನೋಡಿದ ಅಧ್ಯಯನ 2009ರಲ್ಲಿ ಬಂತು. ಹದಿನೆಂಟು ತಿಂಗಳಲ್ಲಿ ಶೇ. 55ರಷ್ಟು ಜನ ಹೋಗಿದ್ದರು, ಶೇ. 86ರಷ್ಟು ಜನಕ್ಕೆ ನುಂಗಲು, ಅಗಿಯಲು ಆಗದ ತೊಂದರೆ ಕಾಣಿಸಿಕೊಂಡಿತ್ತು. ಅರಳುಮರಳು ಕೂಡ ಸಾವಿಗೆ ಒಯ್ಯುವ ಕಾಯಿಲೆ ಎಂಬುದು ವೈದ್ಯರಲ್ಲೇ ಹಲವರಿಗೆ ಮನವರಿಕೆಯಾದದ್ದು ಆ ಅಧ್ಯಯನದ ಬಳಿಕ.

ಹಾಗಾದರೆ ವಯಸ್ಸನ್ನು ವಯಸ್ಸಿಗೆ, ಲಿಂಗವನ್ನು ಲಿಂಗಕ್ಕೆ ಸರಿಹೊಂದಿಸಿ ಹೋಲಿಸಿದರೆ? ಮೇಲಿನ ಬ್ರಿಟಿಷ್ ಅಧ್ಯಯನ ಅದನ್ನೂ ಮಾಡಿತು. ದಾದಿಯರಿರುವ ಆರೈಕೆಗೃಹಗಳಲ್ಲಿ ಸಾವು ಸುಮಾರು ನಾಲ್ಕು ಪಟ್ಟು, ದಾದಿಯರಿಲ್ಲದ ವಸತಿಗೃಹಗಳಲ್ಲಿ ಮೂರು ಪಟ್ಟಿಗಿಂತ ತುಸು ಕಡಿಮೆ. ಒಟ್ಟಾರೆ ಎಂಟು ಪಟ್ಟು ಇದ್ದದ್ದು ಮೂರು-ನಾಲ್ಕಕ್ಕೆ ಇಳಿಯಿತು. ಉಳಿದ ಅಂತರದಲ್ಲಿ ಎಷ್ಟು ಪಾಲು ಕಾಯಿಲೆಯದು, ಎಷ್ಟು ಪಾಲು ಜಾಗದ್ದು ಎನ್ನುವುದನ್ನು ಇಂಥ ಹೋಲಿಕೆ ಹೇಳಲಾರದು. ವೈದ್ಯರ ಕಡತದಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ., ಹೃದಯದ ಸ್ಥಿತಿ ಎಲ್ಲ ಇರುತ್ತದೆ. ಆರು ತಿಂಗಳಿಂದ ಊಟ ಸೇರುತ್ತಿಲ್ಲ, ಎದ್ದು ಕೂರಲು ಮನಸ್ಸಿಲ್ಲ, ಮುಖದ ಕಳೆ ಹೋಗಿದೆ ಎಂಬುದು ಇರುವುದಿಲ್ಲ. ಮಗಳ ಕಣ್ಣಿಗೆ ಮೊದಲು ಬೀಳುವುದು, ಸೇರಿಸುವ ನಿರ್ಧಾರಕ್ಕೆ ತಳ್ಳುವುದು ಈ ಎರಡನೆಯದೇ. ಅಂಥ ಹೋಲಿಕೆ ಎಷ್ಟು ಲಕ್ಷ ಜನರದ್ದಾದರೂ ಅದರಿಂದ ಆರೈಕೆಗೃಹವೇ ಸಾವಿಗೆ ಕಾರಣ ಎಂದು ಹೇಳಿದರೆ ನಾನು ಒಪ್ಪುವುದಿಲ್ಲ.

ಇನ್ನೊಂದು ಮೋಸವನ್ನೂ ಇಲ್ಲೇ ಹೇಳಿಬಿಡಬೇಕು. ಇದು ಉಲ್ಟಾ ದಿಕ್ಕಿನದು. ಛತ್ರಕ್ಕೆ ಯಾವುದೋ ಒಂದು ರಾತ್ರಿ ಹೋಗಿ ಯಾರು ಎಷ್ಟು ದಿನದಿಂದ ಇದ್ದೀರಿ ಎಂದು ವಿಚಾರಿಸಿದರೆ ವಾರಗಟ್ಟಲೆ ಠಿಕಾಣಿ ಹೂಡಿದವರೇ ಹೆಚ್ಚು ಸಿಗುತ್ತಾರೆ; ಒಂದೇ ರಾತ್ರಿ ತಂಗಿ ಹೋದ ನೂರಾರು ಜನ ಲೆಕ್ಕಕ್ಕೇ ಬರುವುದಿಲ್ಲ. ಆರೈಕೆಗೃಹಕ್ಕೆ ಭೇಟಿ ಕೊಟ್ಟವರಿಗೂ ಹೀಗೇ. ಅಲ್ಲಿ ಹತ್ತು ವರ್ಷದಿಂದ ಇರುವ ಅಜ್ಜಿಯನ್ನು ತೋರಿಸುತ್ತಾರೆ, ಅಜ್ಜಿಯೂ ನಗುತ್ತಾರೆ. ಆ ಹತ್ತು ವರ್ಷಗಳಲ್ಲಿ ಪಕ್ಕದ ಮಂಚದಲ್ಲಿ ಬಂದು ಹೋದವರು ಎಷ್ಟು ಜನ ಎಂಬುದನ್ನು ತೋರಿಸಲು ಯಾರೂ ಉಳಿದಿರುವುದಿಲ್ಲ. ಈಗ ಇರುವವರ ಲೆಕ್ಕ ತೆಗೆಯುವುದಕ್ಕೂ ಹೊಸದಾಗಿ ಸೇರಿದವರನ್ನು ಮೊದಲ ದಿನದಿಂದ ಹಿಂಬಾಲಿಸುವುದಕ್ಕೂ ಇರುವ ವ್ಯತ್ಯಾಸ ಗೊತ್ತಿಲ್ಲದೆ ಬರೆದ ವರದಿಗಳು ಬಹಳ.

ನಿಜವಾದ ಪರೀಕ್ಷೆ ಎಂದರೆ ಚೀಟಿ ಎತ್ತಿ ಅರ್ಧ ಜನರನ್ನು ಮನೆಯಲ್ಲಿ, ಅರ್ಧ ಜನರನ್ನು ಆರೈಕೆಗೃಹದಲ್ಲಿ ಇರಿಸುವುದು. ಅದನ್ನು ಯಾವ ಸಮಾಜವೂ ಮಾಡಲಾರದು. ಆದರೆ ಒಮ್ಮೊಮ್ಮೆ ಕಾನೂನು, ಮಾರುಕಟ್ಟೆ ಅಥವಾ ಭೂಗೋಳವೇ ಯಾರಿಗೂ ಹೇಳದೆ ಚೀಟಿ ಎತ್ತಿಬಿಡುತ್ತವೆ. ಕಳೆದ ಹದಿನೈದು ವರ್ಷಗಳಲ್ಲಿ ಈ ವಿಷಯದ ಒಳ್ಳೆಯ ಕೆಲಸವೆಲ್ಲ ಬಂದಿರುವುದು ಅಂಥ ಸಂದರ್ಭಗಳನ್ನು ಹುಡುಕಿ ತೆಗೆದವರಿಂದ, ಹೆಚ್ಚಾಗಿ ಅರ್ಥಶಾಸ್ತ್ರಜ್ಞರಿಂದ.

ಡೆನ್ಮಾರ್ಕ್‌ನದು ಅವುಗಳಲ್ಲಿ ನನಗೆ ಅತ್ಯಂತ ಗಟ್ಟಿಯಾಗಿ ಕಾಣುವುದು. 1994ರಲ್ಲಿ ಅಲ್ಲಿನ ಸರ್ಕಾರ ಚಿಕ್ಕ ಮಕ್ಕಳಿರುವ ತಂದೆತಾಯಿಗೆ ಒಂದು ವರ್ಷದವರೆಗೆ ರಜೆ ಪಡೆಯುವ ಹಕ್ಕು ಕೊಟ್ಟಿತು. ಉದ್ದೇಶ ಒಳ್ಳೆಯದು, ಯಾರ ತಲೆಯಲ್ಲೂ ಮುದುಕರ ವಿಚಾರ ಇರಲಿಲ್ಲ. ಆದರೆ ದಾದಿಯರಲ್ಲಿ ಬಹುಪಾಲು ಹೆಂಗಸರು, ಅವರಲ್ಲಿ ಅನೇಕರು ಎಳೆ ಮಕ್ಕಳ ತಾಯಂದಿರು. ರಜೆಗೆ ಹೋದವರ ಜಾಗಕ್ಕೆ ತರಬೇತಾದ ಬದಲಿಗಳು ಸಿಗಲಿಲ್ಲ. ಕೆಲಸದಲ್ಲಿದ್ದ ದಾದಿಯರ ಸಂಖ್ಯೆ ಶೇ. 12ರಷ್ಟು ಕುಸಿದು, ಬಹಳ ಕಾಲ ಹಾಗೆಯೇ ಉಳಿಯಿತು. ಬೆಂಜಮಿನ್ ಫ್ರೀಡ್ರಿಕ್ ಮತ್ತು ಮಾರ್ಟಿನ್ ಹ್ಯಾಕ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ಮುಂದೆ ಏನಾಯಿತೆಂದು ಲೆಕ್ಕ ಹಾಕಿದರು. ಆಸ್ಪತ್ರೆಗಳು ಹೇಗೋ ಸುಧಾರಿಸಿಕೊಂಡವು, ಅಲ್ಲಿಂದ ಬಿಡುಗಡೆಯಾದವರು ತಿಂಗಳೊಳಗೆ ಮರಳಿ ಬರುವುದು ಮಾತ್ರ ಹೆಚ್ಚಿತು. ಆರೈಕೆಗೃಹಗಳಲ್ಲಿ 85 ದಾಟಿದವರ ಸಾವು ಶೇ. 13ರಷ್ಟು ಏರಿತು. ಈ ಮುದುಕರ ಕಾಯಿಲೆ ಬದಲಾಗಿರಲಿಲ್ಲ, ಕಟ್ಟಡ ಬದಲಾಗಿರಲಿಲ್ಲ, ಮಕ್ಕಳ ಪ್ರೀತಿ ಒಂದು ವರ್ಷದಲ್ಲಿ ಬತ್ತಿರಲಿಲ್ಲ. ಬದಲಾದದ್ದು ಕೆಲಸಕ್ಕೆ ಬಂದ ದಾದಿಯರ ಸಂಖ್ಯೆ ಒಂದೇ.

ಇದಕ್ಕೆ ಜೋಡಿಯಾಗಿ ಓದಬೇಕಾದದ್ದು 2015ರಲ್ಲಿ ಅಮೆರಿಕದಿಂದ ಬಂದ ಒಂದು ಪ್ರಬಂಧ. ಆರ್ಥಿಕ ಸ್ಥಿತಿ ಸುಧಾರಿಸಿದಾಗ ಸಾವುಗಳು ಹೆಚ್ಚುತ್ತವೆ ಎಂಬ ವಿಚಿತ್ರ ಸಂಗತಿ ಮೊದಲೇ ಗೊತ್ತಿತ್ತು. ಕೆಲಸದ ಒತ್ತಡ, ಕುಡಿತ, ವಾಹನ ಅಪಘಾತ ಎಂದೆಲ್ಲ ವಿವರಣೆ ಕೊಡುತ್ತಿದ್ದರು. ಆನ್ ಸ್ಟೀವನ್ಸ್ ಮತ್ತು ಸಂಗಡಿಗರು ಬಿಡಿಸಿ ನೋಡಿದಾಗ ಹೆಚ್ಚುವರಿ ಸಾವುಗಳ ದೊಡ್ಡ ಪಾಲು ದುಡಿಯುವ ವಯಸ್ಸಿನವರದ್ದೇ ಆಗಿರಲಿಲ್ಲ. ಆರೈಕೆಗೃಹಗಳಲ್ಲಿದ್ದ ವಯಸ್ಸಾದ ಹೆಂಗಸರದ್ದಾಗಿತ್ತು. ಉದ್ಯೋಗ ಸಲೀಸಾಗಿ ಸಿಗುವ ಕಾಲದಲ್ಲಿ ಕಡಿಮೆ ಸಂಬಳಕ್ಕೆ ಮಲಮೂತ್ರ ಬಳಿಯುವ ಕೆಲಸದಲ್ಲಿ ಯಾರು ಉಳಿಯುತ್ತಾರೆ? ಸಿಬ್ಬಂದಿ ಕಡಿಮೆಯಾಗುತ್ತದೆ, ಸಾವು ಹೆಚ್ಚುತ್ತದೆ. ದೇಶದ ಉದ್ಯೋಗದ ಅಂಕಿ ಸುಧಾರಿಸಿತೆಂದು ಪತ್ರಿಕೆಗಳು ಬರೆಯುವ ದಿನಗಳಲ್ಲೇ ಇದು ನಡೆಯುತ್ತಿರುತ್ತದೆ.

ಮೂರನೆಯದು ಮಾಲೀಕತ್ವದ ಕತೆ. ಅಮೆರಿಕದಲ್ಲಿ ಪ್ರೈವೇಟ್ ಈಕ್ವಿಟಿ ಸಂಸ್ಥೆಗಳು, ಅಂದರೆ ಸಾಲ ಎತ್ತಿ ಕಂಪನಿಗಳನ್ನು ಕೊಂಡು ಕೆಲವೇ ವರ್ಷಗಳಲ್ಲಿ ಲಾಭಕ್ಕೆ ಮಾರುವ ಹೂಡಿಕೆದಾರರು, ಆರೈಕೆಗೃಹಗಳನ್ನೂ ಕೊಳ್ಳತೊಡಗಿದರು. ಅತುಲ್ ಗುಪ್ತಾ ಮತ್ತು ಸಂಗಡಿಗರು 2021ರಲ್ಲಿ ಹೊರತಂದ ಅಧ್ಯಯನ ಇಂಥ ಸಂಸ್ಥೆಗಳ ಕೈಗೆ ಹೋದ ಗೃಹಗಳನ್ನು ಉಳಿದವುಗಳ ಜೊತೆ ಹೋಲಿಸಿತು. ಕಾಯಿಲೆ ಹೆಚ್ಚಿರುವವರು ಒಂದು ಬಗೆಯ ಗೃಹವನ್ನೇ ಆರಿಸಿಕೊಂಡಿದ್ದರೆ ಎಂಬ ಸಂಶಯ ಬರುತ್ತದೆ. ಅದಕ್ಕೆ ಅವರು ಬಳಸಿದ ಉಪಾಯ ದೂರ. ಆಸ್ಪತ್ರೆಯಿಂದ ಬಿಡುಗಡೆಯಾದ ಮುದುಕರು ಸಾಮಾನ್ಯವಾಗಿ ಮನೆಗೆ ಹತ್ತಿರದ ಗೃಹಕ್ಕೇ ಹೋಗುತ್ತಾರೆ. ಹತ್ತಿರದ್ದು ಯಾರ ಒಡೆತನದ್ದು ಎಂಬುದಕ್ಕೂ ಅವರ ಕಾಯಿಲೆಗೂ ಸಂಬಂಧವಿಲ್ಲ. ಹೀಗೆ ಸೋಸಿದ ಮೇಲೂ, ಚೇತರಿಸಿಕೊಳ್ಳಲೆಂದು ಬಂದು ಕೆಲವೇ ವಾರ ಇದ್ದು ಹೋಗುವ ರೋಗಿಗಳಲ್ಲಿ ಸಾವಿನ ಪ್ರಮಾಣ ಸುಮಾರು ಶೇ. 10ರಷ್ಟು ಹೆಚ್ಚು. ಹನ್ನೆರಡು ವರ್ಷಗಳ ಅವಧಿಗೆ ಅದು 20,000 ಜೀವಗಳಷ್ಟಾಗುತ್ತದೆ. ಜೊತೆಗೆ ಕಂಡದ್ದು, ರೋಗಿಗಳ ಬಳಿ ಕೆಲಸ ಮಾಡುವ ಸಿಬ್ಬಂದಿಯ ಸಮಯದಲ್ಲಿ ಇಳಿಕೆ, ಮನೋವಿಕಾರದ ಔಷಧಿಗಳ ಬಳಕೆಯಲ್ಲಿ ಶೇ. 50ರಷ್ಟು ಏರಿಕೆ. ಸರ್ಕಾರ ಆರೈಕೆಗೃಹಗಳ ಗುಣಮಟ್ಟ ಅಳೆದು ಕೊಡುವ ನಕ್ಷತ್ರಗಳಿಗೂ ಸಾವಿಗೂ ಸಂಬಂಧವಿದೆಯೇ ಎಂದು ಇದೇ ದೂರದ ಉಪಾಯ ಬಳಸಿ ಇನ್ನೊಂದು ತಂಡ 2019ರಲ್ಲಿ ನೋಡಿತು. ಹೆಚ್ಚು ನಕ್ಷತ್ರಗಳ ಗೃಹ ಸೇರಿದವರಲ್ಲಿ ಸಾವು ಕಡಿಮೆ ಇತ್ತು.

ಇವಿಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನ್ನ ಅಭಿಪ್ರಾಯ ಹೀಗಿದೆ: ಆರೈಕೆಗೃಹ ಆಯುಷ್ಯ ಕಡಿಮೆ ಮಾಡುತ್ತದೆಯೇ ಎಂಬ ಪ್ರಶ್ನೆಯನ್ನು ಹಾಗೆಯೇ ಕೇಳಿದರೆ ಉತ್ತರವಿಲ್ಲ. ಯಾವ ಆರೈಕೆಗೃಹ, ಅಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ಎಷ್ಟು ಗಂಟೆಯ ಕೈಕೆಲಸ ಸಲ್ಲುತ್ತದೆ ಎಂದು ಕೇಳಿದರೆ ಉತ್ತರ ಸಿಗುತ್ತದೆ, ಮತ್ತು ಅದು ಬಹುತೇಕ ಒಂದೇ ದಿಕ್ಕಿಗೆ ಬೊಟ್ಟು ಮಾಡುತ್ತದೆ.

ಕೈಗಳು ಕಡಿಮೆಯಾದರೆ ಜನ ಸಾಯುವುದು ಹೇಗೆ? ಇದರಲ್ಲಿ ನಾಟಕೀಯವಾದದ್ದು ಏನೂ ಇಲ್ಲ. ಲಕ್ವಾ ಹೊಡೆದವರಿಗೆ ಅನ್ನವನ್ನು ಮೆತ್ತಗೆ ಕಲಸಿ, ತಲೆದಿಂಬು ಎತ್ತರಿಸಿ, ಒಂದು ತುತ್ತು ನುಂಗಿದ ಮೇಲೆ ಇನ್ನೊಂದು ಕೊಡುತ್ತ ಹೋದರೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಹತ್ತು ನಿಮಿಷದಲ್ಲಿ ಮುಗಿಸಬೇಕಾದರೆ ತುತ್ತು ಶ್ವಾಸನಾಳಕ್ಕೆ ಜಾರುತ್ತದೆ; ಎರಡು ದಿನದಲ್ಲಿ ಜ್ವರ, ನ್ಯುಮೋನಿಯಾ. ಮಗ್ಗುಲು ಬದಲಿಸದಿದ್ದರೆ ಬೆನ್ನಹುಣ್ಣು, ಹುಣ್ಣಿನಿಂದ ರಕ್ತಕ್ಕೆ ನಂಜು. ಕೇಳಿದವರಿಗೆ ಮಾತ್ರ ನೀರು ಎಂದಾದರೆ ಡಿಮೆನ್ಶಿಯಾ ಇರುವವರು ಕೇಳುವುದೇ ಇಲ್ಲ. ಕರೆದರೆ ಯಾರೂ ಬರುವುದಿಲ್ಲ ಎಂದು ತಾವೇ ಎದ್ದು ಬಚ್ಚಲಿಗೆ ಹೊರಟವರು ಬೀಳುತ್ತಾರೆ. ಇವೆಲ್ಲವೂ ಮರಣಪತ್ರದಲ್ಲಿ ನ್ಯುಮೋನಿಯಾ, ಸೋಂಕು, ಹೃದಯಸ್ತಂಭನ ಎಂದಾಗುತ್ತವೆ. ಅವಸರದ ಊಟ ಎಂದು ಯಾರೂ ಬರೆಯುವುದಿಲ್ಲ.

ರೇಗಾಡುವ, ರಾತ್ರಿಯಿಡೀ ಓಡಾಡುವ ಡಿಮೆನ್ಶಿಯಾ ರೋಗಿಗಳನ್ನು ಸುಮ್ಮನಾಗಿಸುವ ಮಾತ್ರೆಗಳದ್ದು ಬೇರೆಯೇ ಅಧ್ಯಾಯ. ಸ್ಕಿಜೋಫ್ರೇನಿಯಾಕ್ಕೆಂದು ಬಂದ ಔಷಧಿಗಳು ಆರೈಕೆಗೃಹಗಳಲ್ಲಿ ಕಾವಲುಗಾರನ ಕೆಲಸಕ್ಕೆ ನಿಂತವು. 2005ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಇವನ್ನು ಸೇವಿಸುವ ಡಿಮೆನ್ಶಿಯಾ ರೋಗಿಗಳಲ್ಲಿ ಸಾವು 1.6ರಿಂದ 1.7 ಪಟ್ಟು ಹೆಚ್ಚು ಎಂದು ಔಷಧಿಯ ಮಾಹಿತಿಪತ್ರದಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಇಲ್ಲಿ ಚೀಟಿ ಎತ್ತಿದ ಪರೀಕ್ಷೆಯೂ ಇದೆ. ಬ್ರಿಟನ್ನಿನಲ್ಲಿ ಈ ಮಾತ್ರೆಗಳನ್ನು ಮೊದಲೇ ತೆಗೆದುಕೊಳ್ಳುತ್ತಿದ್ದ ಅಲ್ಝೈಮರ್ಸ್ ರೋಗಿಗಳಲ್ಲಿ ಕೆಲವರಿಗೆ ಅದನ್ನೇ ಮುಂದುವರಿಸಿ, ಕೆಲವರಿಗೆ ಖಾಲಿ ಮಾತ್ರೆ ಕೊಟ್ಟರು. ಎರಡು ವರ್ಷದ ಕೊನೆಗೆ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ. 46, ಎರಡನೆಯದರಲ್ಲಿ ಶೇ. 71. ಸಿಬ್ಬಂದಿಯೇ ಮಾಡಬೇಕಾದ ಕೆಲಸವನ್ನು ಮಾತ್ರೆಗೆ ಒಪ್ಪಿಸಿದ್ದರ ಬೆಲೆ ಇದರಲ್ಲಿದೆ.

ಆರೈಕೆ ಮಾಡುವ ಕೈಗಳೇ ರೋಗ ತರುವುದೂ ಉಂಟು. ಗ್ಲಾಸ್ಗೋ ಸುತ್ತಲಿನ 20 ದೀರ್ಘಾವಧಿ ವೃದ್ಧರ ಆಸ್ಪತ್ರೆಗಳ ಪೈಕಿ ಅರ್ಧದಲ್ಲಿ ಸಿಬ್ಬಂದಿಗೆ ಫ್ಲೂ ಲಸಿಕೆ ಕೊಡುವ ವ್ಯವಸ್ಥೆ ಮಾಡಿ ನೋಡಿದ ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಆ ಚಳಿಗಾಲದಲ್ಲಿ ಅಲ್ಲಿನ ರೋಗಿಗಳ ಸಾವು ಶೇ. 13.6, ಉಳಿದೆಡೆ ಶೇ. 22.4. ಇಷ್ಟು ದೊಡ್ಡ ವ್ಯತ್ಯಾಸವನ್ನು ಫ್ಲೂ ಒಂದರಿಂದಲೇ ವಿವರಿಸಲಾಗದು ಎಂಬ ತಕರಾರು ಆಗಲೇ ಎದ್ದಿತ್ತು, ಆ ತಕರಾರಿಗೆ ಆಧಾರವೂ ಇದೆ. ಆದರೆ ಇಪ್ಪತ್ತು ವರ್ಷದ ನಂತರ ಕೋವಿಡ್ ಅದೇ ದಾರಿ ಹಿಡಿದು ಬಂತು.

ಕೋವಿಡ್‌ನ ಮೊದಲ ವರ್ಷದಲ್ಲಿ ಅಮೆರಿಕದ ಸಾವುಗಳಲ್ಲಿ ಮೂರರಲ್ಲೊಂದು ಪಾಲು ದೀರ್ಘಾವಧಿ ಆರೈಕೆಯ ಜಾಗಗಳಿಗೆ ಸೇರಿದ್ದು. ಅಲ್ಲಿ ವಾಸಿಸುವವರು ದೇಶದ ಜನಸಂಖ್ಯೆಯ ಶೇ. 1ರ ಆಸುಪಾಸು. ಕೆನಡಾದಲ್ಲಿ ಮೊದಲ ಅಲೆಯ ಸಾವುಗಳಲ್ಲಿ ಹತ್ತಕ್ಕೆ ಎಂಟು ಇಂಥ ಜಾಗಗಳದ್ದು. ಇಂಗ್ಲೆಂಡ್‌ನಲ್ಲಿ 2020ರ ಮಾರ್ಚ್ ಮಧ್ಯದಿಂದ ಒಂದು ತಿಂಗಳ ಅವಧಿಯಲ್ಲಿ ಆಸ್ಪತ್ರೆಗಳ ಹಾಸಿಗೆ ಖಾಲಿ ಮಾಡಲೆಂದು ಸುಮಾರು 25,000 ರೋಗಿಗಳನ್ನು ಆರೈಕೆಗೃಹಗಳಿಗೆ ಕಳಿಸಿದರು. ಎಲ್ಲರಿಗೂ ಕೋವಿಡ್ ಪರೀಕ್ಷೆ ಮಾಡಿರಲಿಲ್ಲ. ಆ ನೀತಿ ಕಾನೂನುಬಾಹಿರ ಎಂದು 2022ರ ಏಪ್ರಿಲ್‌ನಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು.

ಕುತೂಹಲದ ಸಂಗತಿಯೆಂದರೆ, ಅಮೆರಿಕದಲ್ಲಿ ಐದು ನಕ್ಷತ್ರದ ಗೃಹಗಳಿಗೂ ಸೋಂಕು ನುಗ್ಗಿತು. ಗೃಹ ಎಷ್ಟು ದೊಡ್ಡದು, ಎಲ್ಲಿದೆ ಎಂಬುದೇ ಹೆಚ್ಚಾಗಿ ಅದನ್ನು ನಿರ್ಧರಿಸಿತು. ಒಳಗೆ ಬಂದ ಮೇಲೆ ಎಷ್ಟು ಜನ ಸತ್ತರು ಎಂಬುದು ಬೇರೆ. ಕೆನಡಾದ ಒಂಟಾರಿಯೊದಲ್ಲಿ ಒಂದೇ ಕೋಣೆಗೆ ನಾಲ್ಕು ಜನರನ್ನು ಹಾಕಿದ್ದ ಹಳೇ ಕಟ್ಟಡಗಳು ಇನ್ನೂ ಇದ್ದವು. ಕಿಕ್ಕಿರಿದ ಗೃಹಗಳಲ್ಲಿ ಸಾವು ಶೇ. 2.7, ಹೆಚ್ಚಿನವರು ಒಂಟಿ ಕೋಣೆಗಳಲ್ಲಿದ್ದ ಕಡೆ ಶೇ. 1.3. ಸ್ಮಾರ್ಟ್‌ಫೋನ್‌ಗಳ ಓಡಾಟದ ಜಾಡು ಹಿಡಿದ ಇನ್ನೊಂದು ಅಮೆರಿಕನ್ ಅಧ್ಯಯನ, ಭೇಟಿಗಾರರಿಗೆ ಬಾಗಿಲು ಮುಚ್ಚಿದ ಮೇಲೂ ಆರೈಕೆಗೃಹಕ್ಕೆ ಬಂದ ಫೋನುಗಳಲ್ಲಿ ಶೇ. 5ರಷ್ಟು ಇನ್ನೊಂದು ಆರೈಕೆಗೃಹದಲ್ಲೂ ಕಾಣಿಸಿಕೊಂಡವು ಎಂದು ತೋರಿಸಿತು. ಒಂದು ಕಡೆಯ ಸಂಬಳ ಸಾಲದೆ ಎರಡು ಕಡೆ ದುಡಿಯುವ ಸಹಾಯಕಿಯರು ಅವರು. ಮಗನಿಗೆ ಕಿಟಕಿ ಗಾಜಿನಾಚೆಯಿಂದ ಮಾತ್ರ ಅಮ್ಮನನ್ನು ನೋಡಲು ಬಿಟ್ಟ ದಿನಗಳಲ್ಲಿ ವೈರಸ್ಸು ಸಿಬ್ಬಂದಿಯ ಬಾಗಿಲಿನಿಂದ ಒಳಗೆ ಬರುತ್ತಿತ್ತು.

ಇನ್ನು ಸ್ಥಳಾಂತರದ ವಿಷಯ. ಹಳೇ ಮರವನ್ನು ಕಿತ್ತು ನೆಡಬಾರದು ಎನ್ನುವ ಹಾಗೆಯೇ, ಜಾಗ ಬದಲಾಯಿಸುವುದೇ ಮುದುಕರನ್ನು ಕೊಲ್ಲುತ್ತದೆ ಎಂಬ ವಾದ 1963ರಲ್ಲಿ ಷಿಕಾಗೋದಿಂದ ಬಂತು. ಅಲ್ಲಿ ಗೃಹವೊಂದು ಮುಚ್ಚಿದಾಗ ಬೇರೆ ಬೇರೆ ಕಡೆಗೆ ಕಳಿಸಿದವರಲ್ಲಿ ಸಾವು ನಿರೀಕ್ಷೆಗಿಂತ ಬಹಳ ಹೆಚ್ಚಿತ್ತು. ಮುಂದೆ ಬಂದ ಅಧ್ಯಯನಗಳು ಕೆಲವು ಇದನ್ನು ಒಪ್ಪಿದವು, ಕೆಲವು ಅಲ್ಲಗಳೆದವು. ಗೊಂದಲಕ್ಕೆ ಕಾರಣವನ್ನು ತಿಳಿಯಾಗಿ ತೋರಿಸಿದ್ದು ಜಪಾನಿನ ದುರಂತ. 2011ರ ಮಾರ್ಚ್‌ನಲ್ಲಿ ಫುಕುಶಿಮಾ ಅಣುಸ್ಥಾವರ ಕೆಟ್ಟಾಗ ಸ್ಥಾವರದ ಹತ್ತಿರದ ಫುತಾಬಾ ಆಸ್ಪತ್ರೆ ಮತ್ತು ಅದರ ವೃದ್ಧರ ಕೇಂದ್ರದಿಂದ ಬಸ್ಸುಗಳಲ್ಲಿ, ದಾದಿಯರಿಲ್ಲದೆ, ಗಂಟೆಗಟ್ಟಲೆ ಸಾಗಿಸಿದವರಲ್ಲಿ 40ಕ್ಕೂ ಹೆಚ್ಚು ಜನ ದಾರಿಯಲ್ಲೋ ತಲುಪಿದ ಬಳಿಕವೋ ಸತ್ತರು. ವಿಕಿರಣದಿಂದಲ್ಲ, ಚಳಿ, ನಿರ್ಜಲೀಕರಣ, ಆರೈಕೆ ತಪ್ಪಿದ್ದರಿಂದ. ಪಕ್ಕದ ಮಿನಾಮಿಸೋಮಾ ನಗರದ ಐದು ಆರೈಕೆಗೃಹಗಳನ್ನು ಶುಹೆಯಿ ನೊಮುರಾ ಮತ್ತು ಸಂಗಡಿಗರು ಪರಿಶೀಲಿಸಿದರು. ತೆರವಿನ ನಂತರದ ಸಾವು ಮೊದಲಿಗಿಂತ 2.7 ಪಟ್ಟು. ಆದರೆ ಎಲ್ಲ ಗೃಹಗಳಲ್ಲೂ ಹೀಗಾಗಿರಲಿಲ್ಲ. ಹೋಗುವ ಜಾಗವನ್ನು ಮೊದಲೇ ಗೊತ್ತುಮಾಡಿ, ಪ್ರತಿಯೊಬ್ಬರ ಔಷಧಿ, ಊಟದ ಬಗೆ ಬರೆದುಕೊಂಡು, ನೋಡಿಕೊಳ್ಳುವವರ ಜೊತೆಗೇ ಕಳಿಸಿದ ಕಡೆ ಸಾವು ಅಷ್ಟಾಗಿ ಏರಲಿಲ್ಲ. ಅಮೆರಿಕದ ಚಂಡಮಾರುತಗಳ ಅನುಭವವೂ ಇದನ್ನು ಹೋಲುತ್ತದೆ. 2005ರ ಕತ್ರಿನಾದಲ್ಲಿ ಜಾಗ ಬಿಡದ ಸೇಂಟ್ ರೀಟಾಸ್ ಗೃಹದಲ್ಲಿ 35 ಮಂದಿ ನೀರಿನಲ್ಲಿ ಮುಳುಗಿ ಸತ್ತದ್ದು ಜಗತ್ತಿಗೆಲ್ಲ ಗೊತ್ತಾಯಿತು. ಆಮೇಲಿನ ಅಧ್ಯಯನ ಕತ್ರಿನಾ ಸೇರಿದಂತೆ ನಾಲ್ಕು ಚಂಡಮಾರುತಗಳನ್ನು ನೋಡಿ, ಒಟ್ಟಾರೆಯಾಗಿ ಡಿಮೆನ್ಶಿಯಾ ಇದ್ದವರಿಗೆ ತೆರವು ಮಾಡಿಸಿದ್ದೇ ಹೆಚ್ಚು ಪ್ರಾಣಾಂತಕವಾಯಿತು ಎಂದಿತು. ಅದು ಸುದ್ದಿಯಾಗಲಿಲ್ಲ.

ಫ್ರಾನ್ಸ್‌ನ ಬಿಸಿಗಾಳಿಯ ವಿವರವೊಂದನ್ನು ಬಿಡಲು ಮನಸ್ಸಿಲ್ಲ. 2003ರ ಆಗಸ್ಟ್‌ನಲ್ಲಿ ಅಲ್ಲಿ ಸುಮಾರು 15,000 ಜನ, ಬಹುಪಾಲು ವೃದ್ಧರು, ಸತ್ತರು. ಪ್ಯಾರಿಸ್‌ನ ಆರೈಕೆಗೃಹಗಳ ಲೆಕ್ಕ ತೆಗೆದಾಗ, ಮಾಮೂಲಿಗಿಂತ ಸಾವು ಅತಿ ಹೆಚ್ಚು ಪಟ್ಟು ಏರಿದ್ದು ಹಾಸಿಗೆ ಹಿಡಿದವರಲ್ಲಿ ಅಲ್ಲ, ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಿದ್ದವರಲ್ಲಿ. ಹಾಸಿಗೆ ಹಿಡಿದವರ ಬಾಯಿಗೆ ಯಾರೋ ನೀರು ಹಾಕುತ್ತಿದ್ದರು. ಓಡಾಡಿಕೊಂಡಿದ್ದವರನ್ನು ಅವರ ಪಾಡಿಗೆ ಬಿಟ್ಟಿದ್ದರು.

ಮನಸ್ಸಿನ ಸಂಗತಿ ಇದರಲ್ಲೆಲ್ಲಿ? ಬದುಕುವ ಆಸೆಯೇ ಬತ್ತಿತು ಎಂದು ನಾವು ಹೇಳುವುದನ್ನು ಪರೀಕ್ಷಿಸಿದ ಪ್ರಸಿದ್ಧ ಪ್ರಯೋಗ 1976ರದ್ದು. ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಕನೆಕ್ಟಿಕಟ್‌ನ ಆರೈಕೆಗೃಹವೊಂದರ ಒಂದು ಮಹಡಿಯವರಿಗೆ ಕುಂಡದ ಗಿಡ ಕೊಟ್ಟು, ಇದನ್ನು ನೀವೇ ನೋಡಿಕೊಳ್ಳಿ, ನಿಮ್ಮ ಕೋಣೆ, ನಿಮ್ಮ ಸಮಯ ನಿಮ್ಮ ಜವಾಬ್ದಾರಿ ಎಂದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ನೀರು ಹಾಕಲು ದಾದಿಯರಿದ್ದಾರೆ ಎಂದರು. ಹದಿನೆಂಟು ತಿಂಗಳ ನಂತರ ಮೊದಲ ಗುಂಪಿನ 47ರಲ್ಲಿ 7 ಜನ, ಎರಡನೆಯದರ 44ರಲ್ಲಿ 13 ಜನ ತೀರಿಕೊಂಡಿದ್ದರು. ಮನಶ್ಶಾಸ್ತ್ರದ ಪಠ್ಯಗಳಲ್ಲೆಲ್ಲ ಈ ಗಿಡದ ಕತೆ ಇದೆ. ಈ ಸಾವಿನ ಲೆಕ್ಕ ಪ್ರಕಟವಾದ ಮರುವರ್ಷ ಲೇಖಕಿಯರೇ ಹೊರತಂದ ತಿದ್ದುಪಡಿ ಪಠ್ಯಗಳಲ್ಲಿ ಕಾಣುವುದು ಕಡಿಮೆ: ಸಾವಿನ ವ್ಯತ್ಯಾಸದ ಗಣಿತದಲ್ಲಿ ತಪ್ಪಾಗಿತ್ತು, ಸರಿಪಡಿಸಿದಾಗ ಅದು ಆಕಸ್ಮಿಕವಲ್ಲ ಎನ್ನುವಷ್ಟು ಗಟ್ಟಿಯಾಗಿರಲಿಲ್ಲ. ಅದೇ ಕಾಲದಲ್ಲಿ ರಿಚರ್ಡ್ ಷುಲ್ಟ್ಸ್ ವೃದ್ಧಾಶ್ರಮವೊಂದಕ್ಕೆ ಕಾಲೇಜು ವಿದ್ಯಾರ್ಥಿಗಳನ್ನು ಭೇಟಿಗೆ ಕಳಿಸಿದರು. ಭೇಟಿಯ ಹೊತ್ತು ತಮಗೆ ಮೊದಲೇ ಗೊತ್ತಿದ್ದ ವೃದ್ಧರು ಚೇತರಿಸಿಕೊಂಡರು. ಪ್ರಯೋಗ ಮುಗಿದು ಹುಡುಗರು ಬರುವುದು ನಿಂತ ಮೇಲೆ ಅವರೇ ಉಳಿದವರಿಗಿಂತ ಹೆಚ್ಚು ಕುಸಿದರು. ಈ ಎರಡನೆಯ ಪ್ರಯೋಗ ನನ್ನನ್ನು ಹೆಚ್ಚು ಕಾಡುತ್ತದೆ. ಪ್ರತಿ ಹುಟ್ಟುಹಬ್ಬಕ್ಕೆ ವೃದ್ಧಾಶ್ರಮದಲ್ಲಿ ಕೇಕ್ ಕತ್ತರಿಸಿ ಫೋಟೊ ತೆಗೆದು ಹೊರಡುವ ನಮ್ಮ ಹೊಸ ರೂಢಿಯ ಬಗ್ಗೆ ಇದನ್ನು ಓದಿದವರು ಎರಡು ಸಲ ಯೋಚಿಸುತ್ತಾರೆ.

1991ರಲ್ಲಿ ನ್ಯೂಯಾರ್ಕ್ ರಾಜ್ಯದ ಚೇಸ್ ಮೆಮೋರಿಯಲ್ ಎಂಬ ಗೃಹಕ್ಕೆ ಬಿಲ್ ಥಾಮಸ್ ಎಂಬ ಯುವ ವೈದ್ಯರು ಎರಡು ನಾಯಿ, ನಾಲ್ಕು ಬೆಕ್ಕು, ನೂರು ಗಿಳಿಗಳನ್ನು ತಂದುಬಿಟ್ಟ ಕತೆಯನ್ನು ಅತುಲ್ ಗವಾಂಡೆಯವರ ‘ಬೀಯಿಂಗ್ ಮಾರ್ಟಲ್’ ಓದಿದವರು ಬಲ್ಲರು. ಪಕ್ಕದ ಗೃಹಕ್ಕೆ ಹೋಲಿಸಿದರೆ ಔಷಧಿ ಅರ್ಧಕ್ಕಿಳಿಯಿತು, ಸಾವು ಶೇ. 15 ಕಡಿಮೆಯಾಯಿತು ಎಂದು ವರದಿ. ಎರಡೇ ಗೃಹಗಳ ಹೋಲಿಕೆ ಯಾವುದನ್ನೂ ಸಾಬೀತುಮಾಡದು. ಅದೂ ಅಲ್ಲದೆ ನೂರು ಗಿಳಿಗಳ ಜೊತೆಗೆ ಉತ್ಸಾಹಿ ವೈದ್ಯರೂ ಬಂದಿದ್ದರಲ್ಲ.

ನಮ್ಮಲ್ಲಿ ಏನು ಗೊತ್ತು? ಹೆಚ್ಚೇನಿಲ್ಲ. 2011ರ ಜನಗಣತಿಯಲ್ಲೇ ದೇಶದಲ್ಲಿ 60 ದಾಟಿದವರು 10.38 ಕೋಟಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 19ನೇ ಕಲಮು ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಆಗುವಂಥ ಒಂದು ವೃದ್ಧಾಶ್ರಮವನ್ನಾದರೂ ಸ್ಥಾಪಿಸುವ ಮಾತಾಡುತ್ತದೆ. ಸಾವಿನ ಕಾರಣವನ್ನು ವೈದ್ಯರು ಪ್ರಮಾಣೀಕರಿಸುವುದು ದೇಶದಲ್ಲಿ ನೋಂದಣಿಯಾಗುವ ಸಾವುಗಳಲ್ಲಿ ನಾಲ್ಕರಲ್ಲೊಂದು ಪಾಲೂ ಇಲ್ಲ, 2020ರಲ್ಲಿ ಶೇ. 22.5. ಈ ಬುನಾದಿಯ ಮೇಲೆ ಡೆನ್ಮಾರ್ಕ್‌ನಂಥ ಲೆಕ್ಕ ಕಟ್ಟಲಾಗದು.

ಪಶ್ಚಿಮದ ಅಂಕಿಗಳನ್ನು ಹಾಗೆಯೇ ತಂದು ಇಲ್ಲಿ ಕೂರಿಸುವುದೂ ತಪ್ಪು. ಅಲ್ಲಿ ಆರೈಕೆಗೃಹ ಸೇರಲು ಶಕ್ತಿಗುಂದಿರಬೇಕು. ಇಲ್ಲಿನ ಎಷ್ಟೋ ವೃದ್ಧಾಶ್ರಮಗಳು ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರನ್ನು ಮಾತ್ರ ಸೇರಿಸಿಕೊಳ್ಳುತ್ತವೆ. ಹಾಸಿಗೆ ಹಿಡಿದ ಮೇಲೆ, ಬಂದು ಕರೆದುಕೊಂಡು ಹೋಗಿ ಎಂದು ಮಕ್ಕಳಿಗೆ ಫೋನು ಬರುತ್ತದೆ. ಹೀಗೆ ಗಟ್ಟಿ ಇರುವವರನ್ನು ಒಳಗಿಟ್ಟು ಕುಸಿದವರನ್ನು ಹೊರಗೆ ಕಳಿಸಿದರೆ ಆಶ್ರಮದ ಸಾವಿನ ಪ್ರಮಾಣ ಮನೆಗಿಂತಲೂ ಕಡಿಮೆ ಕಂಡೀತು. ಡಿಮೆನ್ಶಿಯಾದವರನ್ನು, ಪೂರ್ತಿ ಮಲಗಿದವರನ್ನು ತೆಗೆದುಕೊಳ್ಳುವ ಬೆಂಗಳೂರು, ಮೈಸೂರಿನ ಹೊಸ ಖಾಸಗಿ ಕೇಂದ್ರಗಳ ಅಂಕಿ ಇದಕ್ಕೆ ತದ್ವಿರುದ್ಧವಾಗಿರುತ್ತದೆ. ಎರಡನ್ನೂ ವೃದ್ಧಾಶ್ರಮ ಎಂದೇ ಕರೆಯುವ ತನಕ ಎರಡರ ಸರಾಸರಿಗೂ ಅರ್ಥವಿಲ್ಲ. ಮನೆಯೆಂಬುದೂ ಒಂದೇ ಬಗೆಯದಲ್ಲ. ಮಗ ಅಮೆರಿಕದಲ್ಲಿ, ತಾಯಿ ಜಯನಗರದಲ್ಲಿ, ನಡುವೆ ಏಜೆನ್ಸಿಯವರು ತಿಂಗಳಿಗೊಬ್ಬರಂತೆ ಬದಲಿಸುವ ಹೋಮ್ ನರ್ಸ್. ಇದೂ ಮನೆಯಲ್ಲೇ ಇದ್ದಾರೆ ಎಂಬ ಲೆಕ್ಕಕ್ಕೇ ಬರುತ್ತದೆ. ಹದಿನಾರು ಜನ ಒಟ್ಟಿಗಿದ್ದ ಮನೆಯನ್ನು ನೆನೆದು ಇಂದಿನ ಆಶ್ರಮವನ್ನು ಬಯ್ಯುವವರು ಹೋಲಿಸಬೇಕಾದದ್ದು ಈ ಮನೆಯ ಜೊತೆ.

ಕೈಗಳ ಲೆಕ್ಕ ಕೊನೆಗೆ ದುಡ್ಡಿನ ಲೆಕ್ಕ, ಅದನ್ನು ಶ್ರೀಮಂತ ದೇಶಗಳೂ ಬಗೆಹರಿಸಿಕೊಂಡಿಲ್ಲ. ಅಮೆರಿಕದ ಸರ್ಕಾರಿ ಅಧ್ಯಯನವೊಂದು 2001ರಲ್ಲೇ ಒಬ್ಬ ನಿವಾಸಿಗೆ ದಿನಕ್ಕೆ 4.1 ಗಂಟೆಯ ಆರೈಕೆ ಬೇಕು ಎಂದಿತ್ತು. 2024ರಲ್ಲಿ ಹೊರಡಿಸಿದ ನಿಯಮ ಅದನ್ನು 3.48 ಗಂಟೆಗೆ ಇಳಿಸಿತು. ಅದನ್ನೂ 2025ರ ಏಪ್ರಿಲ್‌ನಲ್ಲಿ ಟೆಕ್ಸಾಸ್‌ನ ಫೆಡರಲ್ ನ್ಯಾಯಾಲಯ ರದ್ದು ಮಾಡಿತು. ಬ್ರಿಟನ್ 2022ರಲ್ಲಿ ಹೊರದೇಶದ ಆರೈಕೆ ಸಹಾಯಕರಿಗೆ ವೀಸಾ ಬಾಗಿಲು ತೆರೆದು 2025ರ ಜುಲೈನಲ್ಲಿ ಹೊಸಬರಿಗೆ ಮುಚ್ಚಿತು. ಮಂಗಳೂರು, ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಿಂದ ಹೊರಬರುವವರ ಕಣ್ಣು ಈ ಬಾಗಿಲುಗಳ ಮೇಲಿರುತ್ತದೆ. ಅಲ್ಲಿನ ಮುದುಕರಿಗೆ ಸಿಗುವ ಕೈ, ಇಲ್ಲಿನ ಮುದುಕರಿಗೆ ತಪ್ಪಿದ ಕೈ.

ಇಷ್ಟೆಲ್ಲ ಓದಿದ ಮೇಲೆ, ಅಪ್ಪನನ್ನೋ ಅಮ್ಮನನ್ನೋ ಸೇರಿಸಲು ಜಾಗ ನೋಡಹೋಗುವವರು ಅಮೃತಶಿಲೆಯ ನೆಲ, ದೇವರಕೋಣೆ, ವಾಕಿಂಗ್ ಪಾತ್ ನೋಡುವುದಕ್ಕೆ ಮೊದಲು ಕೇಳಬೇಕಾದ್ದು ಬೇರೆ ಇದೆ ಅನ್ನಿಸುತ್ತದೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಎಷ್ಟು ಜನಕ್ಕೆ ಎಷ್ಟು ಸಿಬ್ಬಂದಿ? ಕಳೆದ ವರ್ಷ ಕೆಲಸ ಬಿಟ್ಟವರೆಷ್ಟು? ತುತ್ತು ಹಾಕಬೇಕಾದವರು ಎಷ್ಟು ಜನ, ಹಾಕುವವರು ಎಷ್ಟು? ನಿದ್ದೆಗೆ, ಗಲಾಟೆಗೆ ಎಂದು ಯಾವ ಮಾತ್ರೆ ಕೊಡುತ್ತೀರಿ, ಬರೆದುಕೊಟ್ಟವರು ಯಾರು? ಹೋದ ವರ್ಷ ಇಲ್ಲಿ ತೀರಿಕೊಂಡವರೆಷ್ಟು ಎಂದೂ ಕೇಳಬಹುದು, ಅದು ಅಪಶಕುನದ ಪ್ರಶ್ನೆಯಲ್ಲ. ಕೊನೆಗಾಲದ ಆರೈಕೆಯನ್ನು ಚೆನ್ನಾಗಿ ಮಾಡುವ ಜಾಗದಲ್ಲಿ ಆ ಸಂಖ್ಯೆ ದೊಡ್ಡದೇ ಇರುತ್ತದೆ. “ನಮ್ಮಲ್ಲಿ ಯಾರೂ ಹೋಗಿಲ್ಲ” ಎಂಬ ಉತ್ತರ ಬಂದರೆ, ಆಂಬುಲೆನ್ಸ್‌ನಲ್ಲಿ ಆಸ್ಪತ್ರೆಗೆ ಕಳಿಸಿದವರೆಷ್ಟು, ಅವರಲ್ಲಿ ವಾಪಸ್ ಬಂದವರೆಷ್ಟು ಎಂದು ಇನ್ನೊಂದು ಪ್ರಶ್ನೆ ಕೇಳಬೇಕಾಗುತ್ತದೆ.